ದುಡಿಯುವ ಎತ್ತುಗಳ ಕಾಲೆಲುಬಿಗೆ ಅತಿಶ್ರಮದಿಂದ ಉಂಟಾಗುವ ಬೇನೆ: ಅದನ್ನು ಗುರುತಿಸುವ, ಗುಣಪಡಿಸುವ ಮತ್ತು ತಡೆಯುವ ಕ್ರಮ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲೂಕುಗಳ ಒಕ್ಕಲುತನವು ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರನ್ನೂ ಎತ್ತುಗಳ ಹೆಗಲನ್ನೂ ನೆಚ್ಚಿಕೊಂಡು ಬೆಳೆದು ಬಂದದ್ದಾಗಿದೆ. ಯಂತ್ರಗಳು ಬಂದ ಮೇಲೆ ಉಳುವ ಕೆಲಸವು ಬಹಳ ಮಟ್ಟಿಗೆ ಟ್ರ್ಯಾಕ್ಟರಿನ ಪಾಲಾಯಿತಾದರೂ, ಕುಂಟೆ ಹೊಡೆಯುವುದಕ್ಕೂ, ತಂಬಾಕಿನ ಸಾಲುಗಳಲ್ಲಿ ಎಡೆ ಹೊಡೆಯುವುದಕ್ಕೂ, ಸುಗ್ಗಿಯಲ್ಲಿ ಕಬ್ಬನ್ನು ಕಾರಖಾನೆಗೆ ಸಾಗಿಸುವುದಕ್ಕೂ ಎತ್ತು ಇಂದಿಗೂ ಬೇಕಾಗಿದೆ. ಈ ಸೀಮೆಯಲ್ಲಿ ಖಿಲಾರಿ ಜಾತಿಯ ಎತ್ತುಗಳಿಗೆ ವಿಶೇಷ ಮನ್ನಣೆಯುಂಟು. ಖಿಲಾರಿಯು ನಡಿಗೆಯಲ್ಲಿ ಚುರುಕು, ಸ್ವಭಾವದಲ್ಲಿ ಬಿಸಿ. ದಣಿವನ್ನು ಬೇಗ ತೋರಿಸಿಕೊಳ್ಳುವುದಿಲ್ಲ. ಈ ಗುಣವೇ ಅದರ ಕಾಲಿಗೆ ಅಪಾಯವನ್ನೂ ತರುತ್ತದೆ. ಯಾಕೆಂದರೆ ನಿಲ್ಲಬೇಕಾದ ಹೊತ್ತಿನಲ್ಲಿಯೂ ಅದು ಎಳೆಯುತ್ತಲೇ ಇರುತ್ತದೆ.

ಎತ್ತು ಕುಂಟಿದರೆ ಕಾಲು ಉಳುಕಿತೆಂದು ಎಣ್ಣೆ ತಿಕ್ಕಿ, ಎರಡು ದಿನ ಕಟ್ಟಿಹಾಕಿ, ಮೂರನೆಯ ದಿನ ಮತ್ತೆ ನೊಗಕ್ಕೆ ಹೂಡುವುದು ವಾಡಿಕೆ. ಎಷ್ಟೋ ಸಲ ಇದರಿಂದ ಬಾಧಕವೇನೂ ಆಗುವುದಿಲ್ಲ. ಆದರೆ ಕೆಲವು ಸಲ ಆ ಕುಂಟಿಗೆ ಕಾರಣವು ನರವಾಗಲಿ ಗೊರಸಾಗಲಿ ಆಗಿರದೆ ಎಲುಬೇ ಆಗಿರುತ್ತದೆ. ಆಗ ಮೂರನೆಯ ದಿನದ ನೊಗವು ಎತ್ತಿನ ಕಾಲನ್ನು ಮುರಿಯಬಲ್ಲದು. ಒಂದು ಪೂರ್ಣವಯಸ್ಕ ಎತ್ತಿನ ಕಾಲು ಮುರಿಯಿತೆಂದರೆ ಒಂದು ಎತ್ತು ಹೋದಂತಷ್ಟೇ ಅಲ್ಲ. ಜೋಡಿ ಕೆಡುತ್ತದೆ, ಹಂಗಾಮು ಕೈಬಿಡುತ್ತದೆ, ಸಾಲ ಉಳಿಯುತ್ತದೆ. ಆದಕಾರಣ ಈ ಬೇನೆಯ ಸ್ವರೂಪವನ್ನು ಪ್ರತಿಯೊಬ್ಬ ರೈತನೂ ಊರಿನ ಹಿರಿಯರೂ ತಿಳಿದಿರುವುದು ಅವಶ್ಯ.

1. ಎಲುಬಿನ ಧರ್ಮ

ಎಲುಬು ಕಲ್ಲಿನಂತೆ ನಿರ್ಜೀವ ವಸ್ತುವಲ್ಲ. ಅದರಲ್ಲಿ ರಕ್ತ ಹರಿಯುತ್ತದೆ. ಹಳೆಯ ಭಾಗವು ಕರಗಿ ಹೊಸದು ತುಂಬುತ್ತಿರುತ್ತದೆ. ಯಾವ ಕಡೆಗೆ ಭಾರ ಹೆಚ್ಚೋ ಆ ಕಡೆಗೆ ಎಲುಬು ತನ್ನನ್ನು ಬಲಪಡಿಸಿಕೊಳ್ಳುತ್ತದೆಂಬ ತತ್ವವನ್ನು ಜರ್ಮನಿಯ ಶಸ್ತ್ರವೈದ್ಯ ಜೂಲಿಯಸ್ ವೋಲ್ಫ್ ಎಂಬವರು 1892ರಲ್ಲಿ ಗ್ರಂಥರೂಪವಾಗಿ ಪ್ರಕಟಿಸಿದರು.

ಆದರೆ ಈ ಬಲವರ್ಧನೆಯು ಒಂದೇ ದಿನದಲ್ಲಿ ಆಗುವಂಥದ್ದಲ್ಲ. ಹಳೆಯ ಮನೆಯ ಗೋಡೆಯನ್ನು ಗಟ್ಟಿಮಾಡುವವನು ಮೊದಲು ಸಡಿಲಾದ ಕಲ್ಲುಗಳನ್ನು ತೆಗೆಯುತ್ತಾನೆ, ಆಮೇಲೆ ಹೊಸ ಕಲ್ಲುಗಳನ್ನು ಕೂಡ್ರಿಸುತ್ತಾನೆ. ತೆಗೆಯುವ ಕೆಲಸ ಬೇಗ ಮುಗಿಯುತ್ತದೆ, ಕಟ್ಟುವ ಕೆಲಸ ತಡವಾಗುತ್ತದೆ. ಎಲುಬಿನಲ್ಲಿಯೂ ಹೀಗೆಯೇ. ಹಳೆಯ ಎಲುಬು ಕರಗುವುದಕ್ಕೆ ಎರಡು ಮೂರು ವಾರ ಸಾಕು. ಅದೇ ಜಾಗದಲ್ಲಿ ಹೊಸದು ತುಂಬಿ ಗಟ್ಟಿಯಾಗುವುದಕ್ಕೆ ಮೂರು ತಿಂಗಳಷ್ಟು ಕಾಲ ಬೇಕು. ನಡುವಿನ ಅವಧಿಯಲ್ಲಿ ಎಲುಬು ಮೊದಲಿಗಿಂತಲೂ ದುರ್ಬಲವಾಗಿರುತ್ತದೆ. ಈ ಅವಧಿಯಲ್ಲಿಯೇ ಪೂರ್ಣ ಭಾರವನ್ನು ಹೇರಿದರೆ ಎಲುಬಿನ ಮೇಲೆ ಕಣ್ಣಿಗೆ ಕಾಣದ ಸಣ್ಣ ಸೀಳುಗಳು ಉಂಟಾಗುತ್ತವೆ. ವಿಶ್ರಾಂತಿ ದೊರೆತರೆ ಅವು ತಾವಾಗಿಯೇ ಕೂಡಿಕೊಳ್ಳುತ್ತವೆ. ದೊರೆಯದಿದ್ದರೆ ಒಂದಕ್ಕೊಂದು ಸೇರಿ ದೊಡ್ಡ ಸೀಳಾಗಿ, ಕೊನೆಗೆ ಒಂದು ಸಾಮಾನ್ಯ ಹೆಜ್ಜೆಯಲ್ಲಿಯೇ ಎಲುಬು ಮುರಿಯುತ್ತದೆ.

ಈ ಬೇನೆಯನ್ನು ಮೊದಲು ವಿವರಿಸಿದವರು ಸೈನ್ಯದ ವೈದ್ಯರು. ದೂರದ ನಡಿಗೆಯಿಂದ ಸಿಪಾಯಿಗಳ ಪಾದಗಳು ಬಾತು ನೋಯುವುದನ್ನು 1855ರಲ್ಲಿ ಪ್ರಷ್ಯದ ಸೇನಾವೈದ್ಯ ಬ್ರೈಟ್‌ಹೌಪ್ಟ್ ಎಂಬವರು ಬರೆದಿಟ್ಟರು. ಆಗ ಅದಕ್ಕೆ ಕಾರಣ ತಿಳಿದಿರಲಿಲ್ಲ. 1895ರಲ್ಲಿ ಕ್ಷಕಿರಣದ ಶೋಧವಾಯಿತು. 1897ರಲ್ಲಿ ಆ ಕಿರಣದ ಸಹಾಯದಿಂದ, ನೋವಿನ ಮೂಲವು ಪಾದದ ಎಲುಬಿನ ಸೀಳೇ ಆಗಿದೆಯೆಂದು ಕಂಡುಬಂತು. ಪಶುಗಳ ಪೈಕಿ ಇದನ್ನು ಹೆಚ್ಚಾಗಿ ಅಭ್ಯಾಸಮಾಡಿರುವುದು ಪಂದ್ಯದ ಕುದುರೆಗಳಲ್ಲಿ. ಎರಡು ವರ್ಷದ ಎಳೆಯ ಕುದುರೆಗಳನ್ನು ವೇಗದ ಓಟಕ್ಕೆ ಹಚ್ಚಿದಾಗ ಮುಂಗಾಲಿನ ನೀಳವಾದ ಎಲುಬಿನ ಮುಂಭಾಗ ಬಾತು ನೋಯುತ್ತದೆ. ಎತ್ತಿನ ಎಲುಬಿಗೂ ಧರ್ಮ ಬೇರೆಯಲ್ಲ.

2. ಎತ್ತಿನ ಕಾಲಿಗೆ ಭಾರ ಬೀಳುವ ಬಗೆ

ನಿಂತ ಎತ್ತಿನ ಮೈಭಾರದಲ್ಲಿ ಅರ್ಧಕ್ಕಿಂತ ಹೆಚ್ಚಿನ ಪಾಲು ಮುಂಗಾಲುಗಳ ಮೇಲೆ ಇರುತ್ತದೆ. ನೊಗದ ಭಾರವು ಅದಕ್ಕೆ ಕೂಡುತ್ತದೆ. ಹೇರು ಮುಂದಕ್ಕೆ ವಾಲಿದ್ದರೆ ಆ ಭಾರ ಇನ್ನೂ ಹೆಚ್ಚುತ್ತದೆ. ಮೊಣಕಾಲಿಗೂ ಗೊರಸಿನ ಮೇಲಣ ಗೆಣ್ಣಿಗೂ ನಡುವೆ ಇರುವ ನೀಳವಾದ ಎಲುಬಿಗೆ ಇಲ್ಲಿ ನಳಿಗೆ ಎಲುಬೆಂದು ಹೆಸರಿಟ್ಟುಕೊಳ್ಳಬಹುದು. ಅದರ ಮೇಲೆ ಮಾಂಸವಿಲ್ಲ, ಚರ್ಮದ ಕೆಳಗೆಯೇ ಕೈಗೆ ಸಿಗುತ್ತದೆ. ಎಳೆಯುವಾಗ ಮೈಯನ್ನು ಮುಂದಕ್ಕೆ ನೂಕುವ ಕೆಲಸ ಹಿಂಗಾಲಿನದು. ಆದ್ದರಿಂದ ಹಿಂಗಾಲಿನ ನಡುವೆ ಹಿಂದಕ್ಕೆ ಚಾಚಿಕೊಂಡಿರುವ ಕೀಲು, ಅಂದರೆ ಹಿಮ್ಮಡಿಗೀಲು, ಬಹಳವಾಗಿ ಸವೆಯುತ್ತದೆ.

ಲೆಕ್ಕ ಮಾಡಿ ನೋಡಿದರೆ ವಿಷಯ ಸ್ಪಷ್ಟವಾಗುವುದು. ಎತ್ತಿನ ಒಂದು ಕಾಲು ಒಮ್ಮೆ ಊರಿ ಮತ್ತೆ ಊರುವಷ್ಟರಲ್ಲಿ ಒಂದೂವರೆ ಮೀಟರು ಸಾಗುವುದೆಂದು ಹಿಡಿಯೋಣ. ದಿನಕ್ಕೆ 20 ಕಿಲೋಮೀಟರು ನಡೆದರೆ ಪ್ರತಿಯೊಂದು ಕಾಲೂ 13 ಸಾವಿರಕ್ಕೂ ಹೆಚ್ಚು ಸಲ ನೆಲಕ್ಕೆ ಬಡಿಯುತ್ತದೆ. ಹೊಲದ ಕರಿಮಣ್ಣು ಆ ಪೆಟ್ಟನ್ನು ನುಂಗುತ್ತದೆ. ಡಾಂಬರು ರಸ್ತೆ ನುಂಗುವುದಿಲ್ಲ, ಪೆಟ್ಟೆಲ್ಲವೂ ಗೊರಸಿನ ಮೂಲಕ ಎಲುಬಿಗೆ ಏರುತ್ತದೆ.

3. ಬೇನೆ ಬರುವ ಕಾಲ ಮತ್ತು ಕಾರಣಗಳು

(ಅ) ಮಳೆಗಾಲದಲ್ಲಿ ಬಹಳ ದಿನ ಕಟ್ಟಿ ಮೇಯಿಸಿದ ಎತ್ತನ್ನು ಕಬ್ಬಿನ ಕಾರಖಾನೆಗಳು ಆರಂಭವಾದೊಡನೆ ಪೂರ್ಣ ಹೇರಿಗೆ ಹೂಡುವುದು. ಮೈಗೆ ಮಾಂಸ ಬಂದಿರುತ್ತದೆ, ಉಸಿರೂ ಒಂದೆರಡು ವಾರಗಳಲ್ಲಿ ಪಳಗುತ್ತದೆ. ಆದರೆ ಎಲುಬು ಹಿಂದೆ ಉಳಿಯುತ್ತದೆ. ಹೀಗಾಗಿ ಕೆಲಸ ಆರಂಭವಾದ ಮೂರನೆಯ ವಾರದಿಂದ ಆರನೆಯ ವಾರದವರೆಗೆ ವಿಶೇಷ ಎಚ್ಚರಿಕೆ ಬೇಕು. ಎತ್ತು ಚೆನ್ನಾಗಿ ಎಳೆಯುತ್ತಿದೆಯೆಂದು ರೈತನು ಹೇರನ್ನು ಏರಿಸುವುದೂ ಇದೇ ವಾರಗಳಲ್ಲಿ.

(ಆ) ಎಳೆಯ ಹೋರಿಗಳನ್ನು ಬೇಗ ದುಡಿಸುವುದು. ಎರಡು ಹಲ್ಲಿನ ಹೋರಿಗೆ ನೊಗದ ರೂಢಿ ಮಾಡಿಸಬಹುದು, ಹಗುರವಾದ ಕುಂಟೆ ಹೊಡೆಸಬಹುದು. ಆದರೆ ನಾಲ್ಕು ಹಲ್ಲು ಮುಗಿಯುವವರೆಗೆ ಹೇರಿನ ಗಾಡಿಗೆ ಹೂಡಲಾಗದು. ಬಾಯಿಗೂಡಿದ ಎತ್ತಿಗೆ ಮಾತ್ರ ಪೂರ್ಣ ಭಾರ ತಕ್ಕದ್ದು.

(ಇ) ಮೇವಿನಲ್ಲಿ ಎಲುಬಿಗೆ ಬೇಕಾದ ಸತ್ವ ಕಡಿಮೆಯಾಗುವುದು. ಸುಗ್ಗಿಯ ಕಾಲದಲ್ಲಿ ಎತ್ತುಗಳಿಗೆ ಕಬ್ಬಿನ ಸೋಗೆಯೇ ಮುಖ್ಯ ಮೇವಾಗುತ್ತದೆ. ಸೋಗೆಯಲ್ಲಿ ಆಕ್ಸಲೇಟ್ ಎಂಬ ಪದಾರ್ಥವಿದ್ದು, ಅದು ಸುಣ್ಣದ ಸತ್ವವನ್ನು ಹಿಡಿದುಕೊಂಡು ಮೈಗೆ ಹತ್ತಗೊಡುವುದಿಲ್ಲ. ಒಣ ಕಣಿಕೆಯಲ್ಲಿ ರಂಜಕ ಕಡಿಮೆ. ಸುಣ್ಣ ಮತ್ತು ರಂಜಕ ಎರಡೂ ಸೇರಿ ಎಲುಬು ಗಟ್ಟಿಯಾಗಬೇಕಾಗಿರುವುದರಿಂದ, ಸೋಗೆ ಮತ್ತು ಕಣಿಕೆಯ ಮೇಲೆಯೇ ಇಟ್ಟ ಎತ್ತಿನ ಎಲುಬು ಭಾರಕ್ಕೆ ತಕ್ಕಂತೆ ಬಲಿಯಲಾರದು.

(ಈ) ಜೋಡಿ ಸರಿಯಿಲ್ಲದಿರುವುದು, ನಾಲು ಸವೆದಿರುವುದು, ಗೊರಸು ಬೆಳೆದು ಓರೆಯಾಗಿರುವುದು, ಗಾಡಿಯ ಎರಡು ಟಾಯರುಗಳಲ್ಲಿ ಗಾಳಿ ಸಮನಾಗಿರದಿರುವುದು. ಈ ದೋಷಗಳಿಂದ ಒಂದೇ ಕಾಲಿನ ಮೇಲೆ ಅಥವಾ ಎಲುಬಿನ ಒಂದೇ ಮಗ್ಗಲಿನ ಮೇಲೆ ಭಾರ ಬೀಳುತ್ತದೆ.

(ಉ) ತಯಾರಿಯಿಲ್ಲದೆ ಶರ್ಯತ್ತಿಗೆ ಓಡಿಸುವುದು. ವಾರವೆಲ್ಲ ಹೇರು ಎಳೆದ ಎತ್ತನ್ನು ಜಾತ್ರೆಯ ದಿನ ಗಟ್ಟಿ ನೆಲದ ಮೇಲೆ ಓಡಿಸಿದರೆ, ಮೊದಲೇ ಇದ್ದ ಸಣ್ಣ ಸೀಳು ಅಲ್ಲಿಯೇ ಬಾಯಿಬಿಡಬಹುದು.

4. ಗುರುತಿಸುವ ಕ್ರಮ

ಕುಂಟುವ ಎತ್ತನ್ನು ಕೆಳಗಿನ ಕ್ರಮದಲ್ಲಿ ನೋಡತಕ್ಕದ್ದು. ಕ್ರಮವನ್ನು ಬಿಟ್ಟು ನೋಡಿದರೆ ತಪ್ಪು ತಿಳುವಳಿಕೆಗೆ ಎಡೆಯಾಗುವುದು.

ಮೊದಲನೆಯದಾಗಿ, ನಿಂತಾಗ ನೋಡಬೇಕು. ಎತ್ತು ಯಾವ ಕಾಲನ್ನು ಮುಂದಕ್ಕೆ ಚಾಚಿ ಹಗುರ ಮಾಡಿಕೊಳ್ಳುತ್ತದೆ, ಮಲಗಿ ಏಳುವಾಗ ಯಾವ ಕಾಲಿನ ಮೇಲೆ ಭಾರ ಬಿಡದೆ ಏಳುತ್ತದೆ ಎಂಬುದನ್ನು ಬೆಳಗಿನಲ್ಲಿಯೇ ಗಮನಿಸಬೇಕು.

ಎರಡನೆಯದಾಗಿ, ಗಟ್ಟಿಯಾದ ಸಮನೆಲದ ಮೇಲೆ ಹಗ್ಗ ಸಡಿಲಬಿಟ್ಟು ನಡೆಸಬೇಕು. ನೋವು ಮುಂಗಾಲಿನಲ್ಲಿದ್ದರೆ, ಆ ಕಾಲು ಊರುವಾಗ ತಲೆ ಮೇಲಕ್ಕೆ ಏಳುತ್ತದೆ, ಒಳ್ಳೆಯ ಕಾಲು ಊರುವಾಗ ತಲೆ ಕೆಳಗಿಳಿಯುತ್ತದೆ. ನೋವು ಹಿಂಗಾಲಿನಲ್ಲಿದ್ದರೆ ಆ ಮಗ್ಗಲಿನ ಚಪ್ಪೆಯು ಮತ್ತೊಂದಕ್ಕಿಂತ ಹೆಚ್ಚಾಗಿ ಮೇಲೆ ಎದ್ದು ಇಳಿಯುತ್ತದೆ. ಹಿಂದಿನಿಂದ ನಿಂತು ನೋಡಿದರೆ ಇದು ಚೆನ್ನಾಗಿ ಕಾಣುವುದು.

ಮೂರನೆಯದಾಗಿ, ಗೊರಸನ್ನು ನೋಡಬೇಕು. ದನಗಳ ಕುಂಟಿಗೆ ಬಹುಪಾಲು ಕಾರಣ ಗೊರಸಿನಲ್ಲಿಯೇ ಇರುತ್ತದೆ. ಗೊರಸನ್ನು ತೊಳೆದು, ಎರಡು ಗೊರಸುಗಳ ನಡುವೆ ಕಲ್ಲು, ಮುಳ್ಳು, ಹುಣ್ಣು ಇದೆಯೇ, ನಾಲಿನ ಮೊಳೆ ಮಾಂಸಕ್ಕೆ ತಾಗಿದೆಯೇ, ಅಂಗಾಲು ಒತ್ತಿದರೆ ನೋಯುವುದೇ ಎಂದು ಪರೀಕ್ಷಿಸಬೇಕು. ಇಲ್ಲಿ ದೋಷ ಸಿಕ್ಕಿದರೆ ಅದಕ್ಕೆ ತಕ್ಕ ಉಪಾಯ ಮಾಡತಕ್ಕದ್ದು.

ನಾಲ್ಕನೆಯದಾಗಿ, ಗೊರಸು ನಿರ್ದೋಷವೆಂದು ಕಂಡಮೇಲೆ ಎಲುಬನ್ನು ಮುಟ್ಟಿ ನೋಡಬೇಕು. ಅಂಗೈಯ ಹಿಂಭಾಗದಿಂದ ಎರಡೂ ಕಾಲುಗಳ ಬಿಸಿಯನ್ನು ಹೋಲಿಸಬೇಕು. ಬಳಿಕ ನಳಿಗೆ ಎಲುಬಿನ ಮುಂಭಾಗ ಮತ್ತು ಒಳಮಗ್ಗಲಿನ ಮೇಲೆ ಹೆಬ್ಬೆರಳಿನಿಂದ ಮೇಲಿನಿಂದ ಕೆಳಗೆ ಅಂಗುಲ ಅಂಗುಲವಾಗಿ ಒತ್ತುತ್ತ ಹೋಗಬೇಕು. ಎಲುಬಿನ ಶ್ರಮದ ಬೇನೆಯಲ್ಲಿ ಒಂದು ನಿಶ್ಚಿತ ಜಾಗದಲ್ಲಿ ಮಾತ್ರ ಒತ್ತಿದಾಗ ಎತ್ತು ಕಾಲನ್ನು ಎಳೆದುಕೊಳ್ಳುತ್ತದೆ. ಆ ಜಾಗದಲ್ಲಿ ಗಟ್ಟಿಯಾದ ಸಣ್ಣ ಉಬ್ಬು ಕೈಗೆ ಹತ್ತಬಹುದು. ಮತ್ತೊಂದು ಕಾಲಿನ ಅದೇ ಜಾಗದಲ್ಲಿ ಒತ್ತಿ ಹೋಲಿಸದೆ ನಿರ್ಣಯಿಸಬಾರದು. ಕೆಲವು ಎತ್ತುಗಳು ಎಲ್ಲಿ ಮುಟ್ಟಿದರೂ ಕಾಲೆತ್ತುತ್ತವೆ.

ಐದನೆಯದಾಗಿ, ಕುಂಟಿನ ನಡತೆಯನ್ನು ವಿಚಾರಿಸಬೇಕು. ಎಲುಬಿನ ಸೀಳಿನ ಕುಂಟು ಕೆಲಸ ಮಾಡಿದಷ್ಟೂ ಹೆಚ್ಚುತ್ತದೆ, ರಾತ್ರಿ ವಿಶ್ರಾಂತಿಯಿಂದ ಕಡಿಮೆಯಾಗುತ್ತದೆ, ಮರುದಿನ ಹೂಡಿದರೆ ಹಿಂದಿನ ದಿನಕ್ಕಿಂತ ಬೇಗ ಕಾಣಿಸಿಕೊಳ್ಳುತ್ತದೆ. ಈ ಮೂರನೆಯ ಲಕ್ಷಣವು ಬಹು ಮುಖ್ಯವಾದದ್ದು. ಮೊದಲ ದಿನ ಹತ್ತನೆಯ ಕಿಲೋಮೀಟರಿನಲ್ಲಿ ಕಂಡ ಕುಂಟು ಎರಡನೆಯ ದಿನ ಆರನೆಯದರಲ್ಲಿ, ಮೂರನೆಯ ದಿನ ಎರಡನೆಯದರಲ್ಲಿ ಕಂಡರೆ ಇನ್ನು ಸಂಶಯಪಡಬೇಕಾಗಿಲ್ಲ.

5. ಇದನ್ನು ಹೋಲುವ ಇತರ ಬೇನೆಗಳು

ಹಿಮ್ಮಡಿಗೀಲಿನ ಎಲುಬು ಬೆಳೆಯುವ ಬೇನೆಯಲ್ಲಿ ಕೀಲಿನ ಕೆಳಗೆ ಒಳಮಗ್ಗಲಿಗೆ ಗಟ್ಟಿ ಗಂಟು ಕಾಣುತ್ತದೆ. ಇದರಲ್ಲಿ ಎತ್ತು ಬೆಳಿಗ್ಗೆ ಎದ್ದಾಗ ಬಹಳ ಕುಂಟುತ್ತದೆ, ನಡೆದಂತೆ ಕುಂಟು ಕಡಿಮೆಯಾಗುತ್ತದೆ. ಎಲುಬಿನ ಸೀಳಿನಲ್ಲಿ ಇದಕ್ಕೆ ವಿರುದ್ಧ.

ನರ ಉಳುಕಿದ್ದರೆ ಬಾವು ನಳಿಗೆಯ ಹಿಂಭಾಗದಲ್ಲಿರುತ್ತದೆ, ಮುಟ್ಟಿದರೆ ಮೆತ್ತಗಿರುತ್ತದೆ. ಎಲುಬಿನ ಬಾವು ಮುಂದೆ ಅಥವಾ ಮಗ್ಗಲಿಗೆ ಇದ್ದು ಗಟ್ಟಿಯಾಗಿರುತ್ತದೆ.

ಹಿಂಗಾಲಿನ ಮೊಣಕಾಲ ಚಿಪ್ಪು ಮೇಲೆ ಸಿಕ್ಕಿಕೊಳ್ಳುವ ಬೇನೆಯಲ್ಲಿ ಕಾಲು ಹಿಂದಕ್ಕೆ ಚಾಚಿ ಮಡಚದೆ ನಿಂತು, ಒಮ್ಮೆಲೆ ಝಟಕಿಯಿಂದ ಬಿಡುತ್ತದೆ. ಗೊರಸಿನ ತುದಿ ನೆಲಕ್ಕೆ ಸವೆಯುತ್ತದೆ. ಇದಕ್ಕೆ ಪಶುವೈದ್ಯರು ಮಾಡುವ ಚಿಕ್ಕ ಶಸ್ತ್ರಕ್ರಿಯೆಯಿಂದ ಗುಣ ಉಂಟು.

ಜ್ವರದ ಜೊತೆಗೆ ಬರುವ ಕುಂಟುಗಳು ಬೇರೆ. ಬಾಯಲ್ಲಿ ಜೊಲ್ಲು, ನಾಲಿಗೆಯಲ್ಲಿ ಗುಳ್ಳೆ ಇದ್ದರೆ ಕಾಲುಬಾಯಿ ಬೇನೆ. ಜ್ವರ ಬಂದು ಇಂದು ಒಂದು ಕಾಲು, ನಾಳೆ ಇನ್ನೊಂದು ಕಾಲು ಕುಂಟಿದರೆ ಮೂರು ದಿನದ ಜ್ವರ. ಎಳೆಯ ದನಕ್ಕೆ ಮಳೆಗಾಲದಲ್ಲಿ ಜ್ವರ ಬಂದು, ತೊಡೆ ಅಥವಾ ಹೆಗಲ ಬಾವನ್ನು ಒತ್ತಿದರೆ ಚರಚರ ಸಪ್ಪಳವಾದರೆ ಅದು ಚಪ್ಪೆ ಬೇನೆ. ಅದಕ್ಕೆ ಒಂದು ತಾಸೂ ತಡಮಾಡದೆ ಪಶುವೈದ್ಯರನ್ನು ಕರೆಯಿಸತಕ್ಕದ್ದು. ಎಲುಬಿನ ಶ್ರಮದ ಬೇನೆಯಲ್ಲಿ ಜ್ವರವಿರುವುದಿಲ್ಲ, ಎತ್ತು ಮೇವು ತಿನ್ನುವುದನ್ನೂ ಬಿಡುವುದಿಲ್ಲ. ಈ ಕಾರಣದಿಂದಲೇ ರೈತನು ಅದನ್ನು ಅಲಕ್ಷ್ಯ ಮಾಡುತ್ತಾನೆ.

ಕ್ಷಕಿರಣದ ವಿಷಯವಾಗಿ ಒಂದು ಮಾತು. ಬೇನೆಯ ಆರಂಭದಲ್ಲಿ ತೆಗೆದ ಚಿತ್ರದಲ್ಲಿ ಸೀಳು ಕಾಣದೆ ಹೋಗಬಹುದು. ಎರಡು ಮೂರು ವಾರಗಳ ನಂತರ ಎಲುಬು ಕೂಡಲು ಆರಂಭಿಸಿದಾಗ ಅದರ ಗುರುತು ಚಿತ್ರದಲ್ಲಿ ಮೂಡುತ್ತದೆ. ಆದ್ದರಿಂದ ಮೊದಲ ಚಿತ್ರದಲ್ಲಿ ಏನೂ ಕಾಣಲಿಲ್ಲವೆಂಬ ಕಾರಣಕ್ಕೆ ಎತ್ತನ್ನು ಮತ್ತೆ ಹೂಡಬಾರದು. ಹೆಬ್ಬೆರಳಿಗೆ ಸಿಕ್ಕ ನೋವನ್ನೇ ನಂಬಿ ವಿಶ್ರಾಂತಿ ಕೊಡಬೇಕು.

6. ಚಿಕಿತ್ಸೆ

ಮೊದಲ ಔಷಧವು ನೊಗ ಇಳಿಸುವುದು. ಕುಂಟು ಕಂಡ ಜಾಗದಲ್ಲಿಯೇ ಕೊರಳು ಬಿಚ್ಚಬೇಕು. ಕಾರಖಾನೆ ಇನ್ನು ಎರಡೇ ಕಿಲೋಮೀಟರು ಇದೆಯೆಂದು ಮುಂದೆ ಹೊಡೆಯಬಾರದು. ಕುಂಟು ಹೆಚ್ಚಾಗಿದ್ದರೆ ಎತ್ತನ್ನು ನಡೆಸದೆ ವಾಹನದಲ್ಲಿ ಮನೆಗೆ ತರಿಸಬೇಕು.

ಮೊದಲ ಎರಡು ಮೂರು ದಿನ ನೋವಿನ ಜಾಗಕ್ಕೆ ದಿನಕ್ಕೆ ಮೂರು ನಾಲ್ಕು ಸಲ, ಪ್ರತಿ ಸಲ ಹದಿನೈದು ಇಪ್ಪತ್ತು ನಿಮಿಷ ತಣ್ಣೀರು ಬಿಡಬೇಕು. ತಿಕ್ಕಬಾರದು, ಬಿಗಿಯಾಗಿ ಕಟ್ಟಲೂಬಾರದು. ಬಿಗಿದ ಪಟ್ಟಿಯ ಕೆಳಗೆ ರಕ್ತ ಹರಿಯದೆ ಗೊರಸೇ ಕೆಟ್ಟುಹೋದೀತು.

ಎತ್ತನ್ನು ಕಲ್ಲು ಹಾಸಿದ ಜಾರುವ ನೆಲದ ಮೇಲೆ ಕಟ್ಟದೆ, ಮಣ್ಣಿನ ಸಮನೆಲದ ಮೇಲೆ ದಪ್ಪನಾಗಿ ರವದಿಯನ್ನೋ ಹುಲ್ಲನ್ನೋ ಹಾಸಿ ಕಟ್ಟಬೇಕು. ಸರಾಗವಾಗಿ ಮಲಗಿ ಏಳುವಷ್ಟು ಹಗ್ಗ ಬಿಡಬೇಕು. ನೀರು ಮೇವುಗಳು ಇದ್ದಲ್ಲಿಯೇ ದೊರೆಯಬೇಕು.

ನೋವು ತಗ್ಗಿಸುವ ಔಷಧವನ್ನು ಪಶುವೈದ್ಯರ ಸಲಹೆಯಿಲ್ಲದೆ ಕೊಡಿಸಬಾರದು. ಇದಕ್ಕೆ ಎರಡು ಕಾರಣಗಳಿವೆ. ಒಂದು, ಡೈಕ್ಲೋಫೆನಾಕ್ ಎಂಬ ಔಷಧವನ್ನು ದನಗಳಿಗೆ ಕೊಡುವುದು 2006ರಿಂದಲೂ, ಕೀಟೊಪ್ರೊಫೆನ್ ಮತ್ತು ಅಸಿಕ್ಲೋಫೆನಾಕ್ ಎಂಬವುಗಳನ್ನು ಕೊಡುವುದು 2023ರಿಂದಲೂ ದೇಶದಲ್ಲಿ ನಿಷಿದ್ಧವಾಗಿದೆ. ಅವುಗಳನ್ನು ಪಡೆದು ಸತ್ತ ದನದ ಮಾಂಸ ತಿಂದ ರಣಹದ್ದುಗಳು ಸಾಯುತ್ತವೆಂಬುದೇ ಆ ನಿಷೇಧಕ್ಕೆ ಕಾರಣ. ಎರಡು, ನೋವು ಮರೆಯಾದ ಎತ್ತು ಕಾಲಿನ ಮೇಲೆ ಪೂರ್ತಿ ಭಾರ ಹಾಕುತ್ತದೆ. ಔಷಧ ಕೊಟ್ಟು ಕುಂಟು ನಿಲ್ಲಿಸಿ ಹೂಡುವುದೆಂದರೆ, ಬಿರುಕು ಬಿಟ್ಟ ತೊಲೆಗೆ ಬಣ್ಣ ಬಳಿದು ಅದರ ಮೇಲೆ ಅಟ್ಟ ಕಟ್ಟಿದಂತೆ.

ಕಾಸಿದ ಕಬ್ಬಿಣದಿಂದ ಬರೆ ಹಾಕುವ ಪದ್ಧತಿಯು ಇನ್ನೂ ಕೆಲವೆಡೆ ಉಳಿದಿದೆ. ಬರೆ ಹಾಕಿಸಿದ ಮೇಲೆ ಎತ್ತು ಗುಣವಾದುದನ್ನು ಕಂಡವರು ಅದನ್ನು ಹೊಗಳುವುದುಂಟು. ಆದರೆ ಬರೆಯ ಹುಣ್ಣು ಮಾಯುವವರೆಗೆ ಎತ್ತನ್ನು ಹೂಡದೆ ಬಿಟ್ಟದ್ದರಿಂದಲೇ ಎಲುಬು ಕೂಡಿತು. ಗುಣ ಮಾಡಿದ್ದು ವಿಶ್ರಾಂತಿ. ಬರೆಯಿಂದ ದೊರೆತದ್ದು ನೋವು, ಹುಳು ಬೀಳುವ ಹುಣ್ಣು ಮತ್ತು ಸಂತೆಯಲ್ಲಿ ಬೆಲೆ ತಗ್ಗಿಸುವ ಕಲೆ.

7. ವಿಶ್ರಾಂತಿಯ ಅವಧಿ ಮತ್ತು ಮತ್ತೆ ಹೂಡುವ ಕ್ರಮ

ಪಶುವೈದ್ಯರು ಬೇರೆ ರೀತಿ ಹೇಳದಿದ್ದಲ್ಲಿ ಈ ಕೆಳಗಿನ ಕ್ರಮವನ್ನು ಅನುಸರಿಸಬಹುದು.

ಒಂದರಿಂದ ನಾಲ್ಕನೆಯ ವಾರ: ಪೂರ್ಣ ವಿಶ್ರಾಂತಿ. ಕೊಟ್ಟಿಗೆ ಬಿಟ್ಟು ಹೊರಗೆ ಹೋಗಗೊಡಬಾರದು.

ಐದು ಮತ್ತು ಆರನೆಯ ವಾರ: ಒತ್ತಿದರೆ ನೋವಿಲ್ಲದೆ, ನಡಿಗೆ ಸರಿಯಾಗಿದ್ದರೆ ಮಾತ್ರ, ದಿನಕ್ಕೆ ಎರಡು ಸಲ ಹದಿನೈದು ನಿಮಿಷ ಮೆತ್ತನೆಯ ನೆಲದ ಮೇಲೆ ಕೈಯಲ್ಲಿ ಹಿಡಿದು ನಡೆಸುವುದು.

ಏಳು ಮತ್ತು ಎಂಟನೆಯ ವಾರ: ಅರ್ಧ ತಾಸಿನಿಂದ ಒಂದು ತಾಸಿನವರೆಗೆ ನಡಿಗೆ. ಕೊನೆಯಲ್ಲಿ ಬರಿಯ ನೊಗ.

ಒಂಬತ್ತರಿಂದ ಹನ್ನೆರಡನೆಯ ವಾರ: ಹೊಲದ ಮೆತ್ತನೆಯ ಮಣ್ಣಿನಲ್ಲಿ ಹಗುರ ಕೆಲಸ, ದಿನಕ್ಕೆ ಅರ್ಧ ಹೊತ್ತು. ಡಾಂಬರು ರಸ್ತೆಯೂ ಹೇರಿನ ಗಾಡಿಯೂ ಸಲ್ಲವು.

ಅನಂತರ ಅರ್ಧ ಹೇರಿನಿಂದ ಆರಂಭಿಸಿ ವಾರವಾರಕ್ಕೂ ಸ್ವಲ್ಪಸ್ವಲ್ಪವಾಗಿ ಏರಿಸಬೇಕು. ಯಾವ ಹಂತದಲ್ಲಾದರೂ ಕುಂಟು ಮರಳಿದರೆ ಹಿಂದಿನ ಹಂತಕ್ಕೆ ಇಳಿಯತಕ್ಕದ್ದು. ನಾಲ್ಕನೆಯ ವಾರದಲ್ಲಿ ಕುಂಟು ಪೂರ್ತಿ ನಿಂತಿರುವುದೇ ಹೆಚ್ಚು. ರೈತನ ಮನಸ್ಸು ಸೋಲುವುದು ಆಗಲೇ. ಕುಂಟು ನಿಂತ ಮಾತ್ರಕ್ಕೆ ಎಲುಬು ಗಟ್ಟಿಯಾಯಿತೆಂದು ತಿಳಿಯಬಾರದು.

8. ವಿಶ್ರಾಂತಿಯ ಕಾಲದ ಮೇವು

ದುಡಿಯದ ಎತ್ತಿಗೆ ಕಾಳು ಹಿಂಡಿ ಯಾತಕ್ಕೆಂದು ಬರಿಯ ಸೋಗೆ ಹಾಕುವುದು ತಪ್ಪು. ಕಾಳನ್ನು ಕಡಿಮೆ ಮಾಡಬಹುದು, ಎಲುಬಿನ ಸತ್ವವನ್ನು ಕಡಿಮೆ ಮಾಡಬಾರದು. ದಿನಕ್ಕೆ ಒಂದು ಕಿಲೋ ಗೋದಿ ಬೂಸಾ ಮತ್ತು ಅರ್ಧ ಕಿಲೋ ಹಿಂಡಿಯಿಂದ ರಂಜಕ ದೊರೆಯುತ್ತದೆ. ಶೇಂಗಾ ಬಳ್ಳಿ, ತೊಗರಿ ಹೊಟ್ಟು ಮೊದಲಾದ ದ್ವಿದಳ ಬೆಳೆಗಳ ಒಣಮೇವಿನಿಂದ ಸುಣ್ಣದ ಸತ್ವ ದೊರೆಯುತ್ತದೆ. ಇದರ ಮೇಲೆ ಪಶುವೈದ್ಯರಲ್ಲಿ ದೊರೆಯುವ ಖನಿಜ ಮಿಶ್ರಣವನ್ನು ದಿನಕ್ಕೆ 50 ಗ್ರಾಮು, ಉಪ್ಪನ್ನು 30 ಗ್ರಾಮು ಕೊಡಬೇಕು. ಸೋಗೆಯನ್ನು ಪೂರ್ತಿ ಬಿಡಿಸಲಾಗದಿದ್ದರೆ ಕಣಿಕೆ ಮತ್ತು ಬೇರೆ ಹಸಿಮೇವಿನ ಸಂಗಡ ಬೆರೆಸಿ ಹಾಕತಕ್ಕದ್ದು.

9. ಎಲುಬು ಮುರಿದರೆ

ಕಾಲು ಜೋತುಬಿದ್ದರೆ, ಅಥವಾ ಕೀಲಿಲ್ಲದ ಜಾಗದಲ್ಲಿ ಬಾಗಿದರೆ ಎಲುಬು ಮುರಿದಿದೆಯೆಂದು ತಿಳಿಯಬೇಕು. ಎತ್ತನ್ನು ಎಬ್ಬಿಸಿ ನಡೆಸಬಾರದು. ಕಾಲಿಗೆ ದಪ್ಪನಾಗಿ ಹತ್ತಿ ಅಥವಾ ಹಳೆಯ ಅರಿವೆ ಸುತ್ತಿ, ಎರಡು ಮಗ್ಗಲಿಗೂ ಬಿದಿರಿನ ಸೀಳನ್ನೋ ಉದ್ದಕ್ಕೆ ಸೀಳಿದ ನೀರಿನ ಪೈಪನ್ನೋ ಇಟ್ಟು, ಮುರಿದ ಜಾಗದ ಮೇಲಿನ ಕೀಲೂ ಕೆಳಗಿನ ಕೀಲೂ ಅಲುಗದಂತೆ ಕಟ್ಟಿ, ಪಶುವೈದ್ಯರನ್ನು ಕರೆಯಿಸಬೇಕು. ಕರ್ನಾಟಕದಲ್ಲಿ 1962 ಎಂಬ ಸಂಖ್ಯೆಗೆ ದೂರವಾಣಿ ಮಾಡಿದರೆ ಸಂಚಾರಿ ಪಶುಚಿಕಿತ್ಸಾ ವಾಹನದ ಸಹಾಯ ದೊರೆಯುತ್ತದೆ.

ನಳಿಗೆ ಎಲುಬಿನ ಮುರಿತವು ಚರ್ಮ ಹರಿಯದೆ ಇದ್ದರೆ ಪ್ಲಾಸ್ಟರ ಪಟ್ಟಿಯಿಂದ ಕೂಡುವ ಸಂಭವ ಚೆನ್ನಾಗಿದೆ. ಪೂರ್ಣವಯಸ್ಕ ಎತ್ತಿಗೆ ಆರರಿಂದ ಎಂಟು ವಾರ ಪಟ್ಟಿ ಇರಬೇಕಾಗುವುದು. ಪಟ್ಟಿಯಿಂದ ದುರ್ವಾಸನೆ ಬಂದರೆ, ಗೊರಸು ತಣ್ಣಗಾದರೆ, ಎತ್ತು ಮೇವು ಬಿಟ್ಟರೆ ಕೂಡಲೇ ತಿಳಿಸತಕ್ಕದ್ದು. ತೊಡೆಯ ಅಥವಾ ಹೆಗಲಿನ ಎಲುಬು ಮುರಿದರೆ ಭಾರವಾದ ಎತ್ತಿನಲ್ಲಿ ಗುಣವಾಗುವುದು ಕಠಿಣ. ಈ ಮಾತನ್ನು ಮರೆಮಾಚಿ ಪ್ರಯೋಜನವಿಲ್ಲ.

10. ಎರಡು ಮನೆಗಳ ದೃಷ್ಟಾಂತ

ರಾಯಬಾಗದ ಕಡೆಯ ಒಂದೇ ಓಣಿಯಲ್ಲಿ ಇಬ್ಬರು ರೈತರು ಇರುವರೆಂದು ಭಾವಿಸೋಣ. ಇಬ್ಬರ ಎತ್ತುಗಳೂ ಸುಗ್ಗಿಯ ನಾಲ್ಕನೆಯ ವಾರದಲ್ಲಿ ಮುಂಗಾಲು ಕುಂಟಿದವು. ಮೊದಲನೆಯವನು ಕೊರಳು ಬಿಚ್ಚಿದನು. ನೆರೆಯವನಿಂದ ಮುಯ್ಯಿಗೆ ಒಂದು ಎತ್ತು ತಂದು, ಹೇರು ತಗ್ಗಿಸಿ, ಆ ಸುಗ್ಗಿಯಲ್ಲಿ ಅರ್ಧ ಬಾಡಿಗೆಯನ್ನೇ ಗಳಿಸಿದನು. ಮನೆಯವರು ಗೊಣಗಿದರು. ಎರಡನೆಯವನು ಸೂಜಿ ಹಾಕಿಸಿ ಐದು ದಿನ ಪೂರ್ಣ ಬಾಡಿಗೆ ಗಳಿಸಿದನು. ಆರನೆಯ ದಿನ ಹಳ್ಳದ ಏರಿನಲ್ಲಿ ಅವನ ಎತ್ತಿನ ಕಾಲು ಮುರಿಯಿತು. ಮುಂಗಾರಿಯ ಹೊತ್ತಿಗೆ ಮೊದಲನೆಯವನ ಕೊಟ್ಟಿಗೆಯಲ್ಲಿ ಜೋಡಿ ನಿಂತಿತ್ತು. ಎರಡನೆಯವನು ಒಂಟಿ ಎತ್ತನ್ನು ಹಿಡಿದುಕೊಂಡು ಅದಕ್ಕೆ ಸರಿಜೋಡಿ ಹುಡುಕುತ್ತ ಸಂತೆ ಸಂತೆ ತಿರುಗುತ್ತಿದ್ದನು. ಹನ್ನೆರಡು ವಾರಗಳ ನಷ್ಟವೋ ಒಂದು ಎತ್ತಿನ ನಷ್ಟವೋ ಎಂಬುದನ್ನು ಕುಂಟು ಕಂಡ ದಿನವೇ ಲೆಕ್ಕ ಮಾಡಬೇಕು.

11. ತಡೆಯುವ ಉಪಾಯಗಳು ಮತ್ತು ಊರ ಹಿರಿಯರ ಕರ್ತವ್ಯ

ಸುಗ್ಗಿಗೆ ಆರು ವಾರ ಮೊದಲೇ ಎತ್ತನ್ನು ಸಣ್ಣ ಕೆಲಸಕ್ಕೆ ಹಚ್ಚಿ, ಹೇರನ್ನು ಕ್ರಮವಾಗಿ ಏರಿಸಬೇಕು. ವಾರಕ್ಕೊಂದು ದಿನ ಪೂರ್ಣ ಬಿಡುವು ಕೊಡಬೇಕು. ಹೇರನ್ನು ಅಚ್ಚಿನ ಮೇಲೆ ಸಮತೂಕವಾಗಿ ಹೇರಬೇಕು, ಕೊರಳಿನ ಮೇಲೆ ವಾಲಿಸಬಾರದು. ಎತ್ತರ ಮತ್ತು ನಡಿಗೆ ಹೊಂದುವ ಜೋಡಿಯನ್ನೇ ಹೂಡಬೇಕು. ಸವೆದ ನಾಲನ್ನು ಕೂಡಲೇ ಬದಲಿಸಬೇಕು.

ಭಾರ ಎಳೆಯುವ ಪಶುಗಳ ಕುರಿತು ಭಾರತ ಸರಕಾರವು 1965ರಲ್ಲಿ ಮಾಡಿದ ನಿಯಮಗಳ ಮೇರೆಗೆ, ದಿನಕ್ಕೆ 9 ತಾಸಿಗಿಂತ ಹೆಚ್ಚಾಗಲಿ, ವಿಶ್ರಾಂತಿಯಿಲ್ಲದೆ ಸತತ 5 ತಾಸಿಗಿಂತ ಹೆಚ್ಚಾಗಲಿ ದುಡಿಸಕೂಡದು. ಉಷ್ಣತೆ 37 ಡಿಗ್ರಿ ಸೆಲ್ಸಿಯಸ್ ಮೀರುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೂಡಕೂಡದು. ಎತ್ತಿನ ಗಾಡಿಯ ಶರ್ಯತ್ತುಗಳನ್ನು 2014ರಲ್ಲಿ ಸುಪ್ರೀಂ ಕೋರ್ಟು ನಿಲ್ಲಿಸಿತ್ತು. ಕರ್ನಾಟಕವು 2017ರಲ್ಲಿ ಮಾಡಿದ ತಿದ್ದುಪಡಿ ಕಾಯಿದೆಯನ್ನು ಅದೇ ಕೋರ್ಟು 2023ರ ಮೇ 18ರಂದು ಎತ್ತಿಹಿಡಿದುದರಿಂದ ಅವು ನಿಬಂಧನೆಗಳಿಗೆ ಒಳಪಟ್ಟು ನಡೆಯಬಹುದಾಗಿವೆ. ಕಾಯಿದೆಯ ಅನುಮತಿಯು ಎತ್ತಿನ ಎಲುಬಿಗೆ ಬಲ ಕೊಡಲಾರದೆಂಬುದನ್ನು ಮಾತ್ರ ಮರೆಯಬಾರದು.

ಊರ ಹಿರಿಯರೂ ಪಂಚಾಯಿತಿಯ ಮುಖ್ಯಸ್ಥರೂ ಮಾಡಬಹುದಾದುದು ಬಹಳವಿದೆ. ಡಾಂಬರು ರಸ್ತೆಯ ಪಕ್ಕದಲ್ಲಿ ಗಾಡಿಗಳಿಗೆ ಮಣ್ಣಿನ ದಾರಿಯನ್ನು ಉಳಿಸುವುದು, ಏರಿನ ದಾರಿಯಲ್ಲಿ ಹೆಚ್ಚಿನ ಜೋಡಿ ಕಟ್ಟಿಸುವುದು, ನೀರು ನೆರಳಿನ ತಂಗುವ ಜಾಗ ಮಾಡಿಸುವುದು, ಕುಂಟುವ ಎತ್ತು ಹೂಡಿದ ಗಾಡಿಯನ್ನು ಊರ ಬಾಗಿಲಲ್ಲಿಯೇ ನಿಲ್ಲಿಸಿ ಬುದ್ಧಿ ಹೇಳುವುದು. ಕಬ್ಬು ಕಡಿಯಲು ಮಹಾರಾಷ್ಟ್ರದ ಬೀಡ ಮೊದಲಾದ ಜಿಲ್ಲೆಗಳಿಂದ ಗಾಡಿಗಳ ಸಮೇತ ಬರುವ ಕೂಲಿಯವರಿಗೂ ಈ ಸಹಾಯ ಸಲ್ಲಬೇಕು. ಮುಂಗಡದ ಹಣದ ಭಾರದಲ್ಲಿರುವ ಅವರಿಗೆ ಎತ್ತು ಬಿಚ್ಚುವ ಧೈರ್ಯ ಬಾರದು. ಎಲ್ಲಕ್ಕೂ ಮಿಗಿಲಾಗಿ, ಎತ್ತು ಕುಂಟಿದವನಿಗೆ ಮುಯ್ಯಿಯ ಎತ್ತನ್ನು ಒದಗಿಸುವ ಏರ್ಪಾಡು ಪ್ರತಿ ಊರಿನಲ್ಲಿಯೂ ಇರಬೇಕು. ಬದಲಿ ಎತ್ತು ಸಿಗುವುದೆಂಬ ನಂಬಿಕೆಯಿದ್ದರೆ ಯಾವ ರೈತನೂ ನೋಯುವ ಎತ್ತನ್ನು ಹೂಡನು.

ಸಾರಾಂಶ

ಕೆಲಸದೊಡನೆ ಹೆಚ್ಚುವ, ದಿನದಿನಕ್ಕೂ ಬೇಗ ಕಾಣುವ, ಜ್ವರವಿಲ್ಲದ ಕುಂಟು, ಮತ್ತು ಎಲುಬಿನ ಮೇಲೆ ಹೆಬ್ಬೆರಳಿಗೆ ಸಿಗುವ ಒಂದೇ ಜಾಗದ ನೋವು: ಇವೇ ಈ ಬೇನೆಯ ಗುರುತುಗಳು. ಕಂಡ ದಿನವೇ ಕೊರಳು ಬಿಚ್ಚುವುದು, ಹನ್ನೆರಡು ವಾರ ತಾಳ್ಮೆಯಿಂದಿರುವುದು, ಮೇವಿನಲ್ಲಿ ಸುಣ್ಣ ರಂಜಕಗಳನ್ನು ಕೊಡುವುದು: ಇವೇ ಅದರ ಔಷಧ. ಬರೆಯಿಂದ ಗುಣವಿಲ್ಲ, ಸೂಜಿ ಹಾಕಿಸಿ ಹೂಡುವುದರಿಂದ ಕೇಡು ಉಂಟು. ಎತ್ತು ಬಾಯಿಬಿಟ್ಟು ಹೇಳಲಾರದು. ಅದರ ಕಾಲಿನ ಮೇಲೆ ಕೈಯಿಟ್ಟು ನೋಡುವುದು ಒಡೆಯನ ಕೆಲಸ.